ಸ್ಕಾರ್ಬರೋ ಗ್ರೇಸ್, ಮಾರ್ಚ್ 2003: ಫ್ಲೂ ಸಿದ್ಧತೆಯ ಪ್ರಶ್ನೆಯನ್ನು ಮುಂದಿಟ್ಟ ಒಂದು ಸಮುದಾಯ ಆಸ್ಪತ್ರೆಯ ಪ್ರಕರಣ ಅಧ್ಯಯನ

ಸ್ಕಾರ್ಬರೋ ಗ್ರೇಸ್ ಕೆನಡಾದ ಟೊರಾಂಟೊ ನಗರದ ಪೂರ್ವ ಭಾಗದಲ್ಲಿರುವ ಒಂದು ಸಮುದಾಯ ಆಸ್ಪತ್ರೆಯ ಆಗಿನ ಹೆಸರು. ಅದು ದೊಡ್ಡ ಸಂಶೋಧನಾ ಆಸ್ಪತ್ರೆಯಲ್ಲ. ಸುತ್ತಲಿನ ಬಡಾವಣೆಗಳ ಜನ ಎದೆನೋವು, ಉಬ್ಬಸ, ಹೆರಿಗೆ, ಮೂಳೆಮುರಿತ ಎಂದು ಬರುವ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಾಸಿಗೆಗಾಗಿ ಕಾಯುವವರು ಇದ್ದೇ ಇರುವ ಆಸ್ಪತ್ರೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ರಾತ್ರಿ ಕಳೆದವರಿಗೆ ಆ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. 2003ರ ವಸಂತದಲ್ಲಿ ಸಾರ್ಸ್ ಎಂಬ ಹೊಸ ಉಸಿರಾಟದ ಸೋಂಕು ಟೊರಾಂಟೊದಲ್ಲಿ ಹರಡಲು ಆರಂಭಿಸಿದ್ದು ಈ ಆಸ್ಪತ್ರೆಯಿಂದ.

ಸಾರ್ಸ್ ಫ್ಲೂ ಅಲ್ಲ; ಅದು ಕೊರೊನಾ ವೈರಸ್ ಕುಟುಂಬದ ಸೋಂಕು. ಆದರೂ ಮಹಾಸಾಂಕ್ರಾಮಿಕ ಫ್ಲೂಗೆ ಸಮುದಾಯ ಆಸ್ಪತ್ರೆಯೊಂದು ಹೇಗೆ ಸಿದ್ಧವಾಗಬೇಕು ಎಂಬುದನ್ನು ಅರಿಯಲು ಇದಕ್ಕಿಂತ ಉಪಯುಕ್ತವಾದ ಪ್ರಕರಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಎರಡು ಕಾರಣಗಳಿವೆ. ಸಾರ್ಸ್ ಪ್ರಕರಣದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಬೆಲ್ ಆಯೋಗವು ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸಿದ್ಧತೆಯ ಕೊರತೆಗೆ ಉದಾಹರಣೆಯಾಗಿ ಎತ್ತಿಕೊಂಡದ್ದು ಮಹಾಸಾಂಕ್ರಾಮಿಕ ಫ್ಲೂ ಯೋಜನೆಯನ್ನೇ: ಸಾರ್ಸ್ ಬಂದಾಗ ಪ್ರಾಂತ್ಯದ ಬಳಿ ಅಂಥ ಯೋಜನೆಯೇ ಇರಲಿಲ್ಲ, ಇದ್ದಿದ್ದರೆ ಸಾರ್ಸ್ ಅನ್ನು ಎದುರಿಸುವುದು ಎಷ್ಟೋ ಸುಲಭವಾಗುತ್ತಿತ್ತು ಎಂದು ಅದು ಹೇಳಿತು. ಎರಡನೆಯ ಕಾರಣ, ಗ್ರೇಸ್‌ಗೆ ಮೊದಲ ಸಾರ್ಸ್ ರೋಗಿ ಬಂದ ದಿನವೇ ಅದೇ ಸೋಂಕು ಹೊತ್ತ ಮತ್ತೊಬ್ಬ ರೋಗಿ ದೇಶದ ಇನ್ನೊಂದು ತುದಿಯ ಆಸ್ಪತ್ರೆಗೆ ಬಂದಿದ್ದರು. ಅಲ್ಲಿ ಫ್ಲೂ ಬಗ್ಗೆ ಇದ್ದ ಎಚ್ಚರದಿಂದಾಗಿ ಆ ರೋಗಿಯಿಂದ ಯಾರಿಗೂ ಸೋಂಕು ಹರಡಲಿಲ್ಲ.

ಸೋಂಕು ಬಂದ ದಾರಿ

2003ರ ಫೆಬ್ರುವರಿ 21ರಂದು ಚೀನಾದ ಗುವಾಂಗ್‌ಝೌ ನಗರದ ವೈದ್ಯರೊಬ್ಬರು ಹಾಂಗ್‌ಕಾಂಗ್‌ನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ತಂಗಿದರು. ತಮ್ಮೂರಿನಲ್ಲಿ ವಿಚಿತ್ರ ನ್ಯುಮೋನಿಯಾ ರೋಗಿಗಳಿಗೆ ಚಿಕಿತ್ಸೆ ನೀಡಿದ್ದ ಅವರು ಆಗಲೇ ಅಸ್ವಸ್ಥರಾಗಿದ್ದರು. ಅದೇ ಹೋಟೆಲಿನಲ್ಲಿ ತಂಗಿದ್ದ ಅತಿಥಿಗಳ ಮೂಲಕ ಸೋಂಕು ಸಿಂಗಪುರ, ಹನೋಯ್, ಟೊರಾಂಟೊ, ವ್ಯಾಂಕೂವರ್‌ಗಳನ್ನು ತಲುಪಿತು. ಟೊರಾಂಟೊದ 78 ವರ್ಷದ ಮಹಿಳೆಯೊಬ್ಬರು ಫೆಬ್ರುವರಿ 23ರಂದು ಊರಿಗೆ ಮರಳಿ, ಎರಡು ದಿನಗಳಲ್ಲಿ ಜ್ವರಕ್ಕೆ ಬಿದ್ದು, ಮಾರ್ಚ್ 5ರಂದು ಮನೆಯಲ್ಲೇ ತೀರಿಕೊಂಡರು. ಸಾವಿಗೆ ಹೃದಯಾಘಾತ ಕಾರಣ ಎಂದು ದಾಖಲಾಯಿತು. ವಯಸ್ಸಾದವರು ಜ್ವರದಲ್ಲಿ ಮನೆಯಲ್ಲೇ ತೀರಿಕೊಂಡಾಗ ಯಾವ ಊರಿನಲ್ಲಾದರೂ ಹೀಗೇ ದಾಖಲಾಗುತ್ತದೆ.

ಮಾರ್ಚ್ 7, ಶುಕ್ರವಾರ ಅವರ ಮಗ ಜ್ವರ, ಕೆಮ್ಮು, ಉಸಿರಾಟದ ತೊಂದರೆಯೊಂದಿಗೆ ಸ್ಕಾರ್ಬರೋ ಗ್ರೇಸ್‌ನ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ನಲವತ್ತು ದಾಟಿದ್ದ ಅವರು ಹಾಂಗ್‌ಕಾಂಗ್‌ಗೆ ಹೋಗಿರಲಿಲ್ಲ; ಹೋಗಿ ಬಂದವರು ತಾಯಿ. 'ನೀವು ಪ್ರಯಾಣ ಮಾಡಿದ್ದೀರಾ' ಎಂದು ಯಾರಾದರೂ ಕೇಳಿದ್ದರೂ 'ಇಲ್ಲ' ಎಂಬ ಉತ್ತರವೇ ಬರುತ್ತಿತ್ತು. ನೋಂದಣಿಯ ಹಂತದಲ್ಲಿ ಕೇಳುವ ಪ್ರಶ್ನಾವಳಿಯಲ್ಲಿ 'ಮನೆಯಲ್ಲಿ ಇನ್ನಾರಿಗಾದರೂ ಕಾಯಿಲೆಯಿದೆಯೇ, ಅವರಲ್ಲಿ ಯಾರಾದರೂ ಪ್ರಯಾಣ ಮಾಡಿದ್ದರೇ' ಎಂಬ ಪ್ರಶ್ನೆ ಏಕೆ ಇರಬೇಕು ಎಂಬುದಕ್ಕೆ ಈ ಒಂದೇ ಸಂಗತಿ ಸಾಕು.

ಒಂದು ರಾತ್ರಿ, ಮೂರು ಹಾಸಿಗೆ

ಆ ರಾತ್ರಿ ಮೇಲಿನ ವಾರ್ಡುಗಳಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಹಾಗಾಗಿ ಅವರು ಹದಿನಾರು ಗಂಟೆಗೂ ಹೆಚ್ಚು ಕಾಲ ತುರ್ತು ವಿಭಾಗದಲ್ಲೇ, ಬಟ್ಟೆಯ ಪರದೆಗಳಿಂದ ಬೇರ್ಪಡಿಸಿದ ಹಾಸಿಗೆಗಳ ಸಾಲಿನಲ್ಲಿ ಉಳಿಯಬೇಕಾಯಿತು. ಒಂದು ಹಾಸಿಗೆಗೂ ಇನ್ನೊಂದಕ್ಕೂ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ಉಸಿರಾಟ ಸರಾಗವಾಗಲೆಂದು ಅವರಿಗೆ ಆಮ್ಲಜನಕ ನೀಡಲಾಯಿತು, ನೆಬುಲೈಜರ್ ಮೂಲಕ ಸಾಲ್ಬ್ಯುಟಮಾಲ್ ಕೊಡಲಾಯಿತು. ಇದರಲ್ಲಿ ವೈದ್ಯಕೀಯವಾಗಿ ತಪ್ಪೇನೂ ಇಲ್ಲ. ಉಬ್ಬಸ ಪಡುವವರಿಗೆ ಎಲ್ಲೆಡೆ ನೀಡುವ ಚಿಕಿತ್ಸೆಯೇ ಅದು. ಆದರೆ ನೆಬುಲೈಜರ್ ಔಷಧವನ್ನು ಸೂಕ್ಷ್ಮ ಹನಿಗಳಾಗಿ ಒಡೆದು ಉಸಿರಿಗೆ ತಲುಪಿಸುವ ಸಾಧನ. ಸೋಂಕಿರುವ ರೋಗಿ ಆ ಹಬೆಯನ್ನು ಸೇದುತ್ತ, ಕೆಮ್ಮುತ್ತ, ಹೊರಬಿಡುವ ಉಸಿರು ಪರದೆಯಾಚೆಗೂ ಹೋಗುತ್ತದೆ. ತೆರೆದ ವಾರ್ಡಿನಲ್ಲಿ ಜ್ವರದ ರೋಗಿಗೆ ನೆಬುಲೈಜರ್ ಹಚ್ಚಬೇಕೇ ಎಂಬ ಪ್ರಶ್ನೆಯನ್ನು ಆಸ್ಪತ್ರೆಗಳು ಗಂಭೀರವಾಗಿ ಕೇಳತೊಡಗಿದ್ದು ಸಾರ್ಸ್ ನಂತರವೇ.

ಆ ರಾತ್ರಿ ಅವರ ಪಕ್ಕದಲ್ಲಿದ್ದ ಇಬ್ಬರು ರೋಗಿಗಳು ಎಪ್ಪತ್ತು ದಾಟಿದವರು; ಒಬ್ಬರು ಹೃದಯ ಬಡಿತದ ಏರುಪೇರಿಗೆ, ಇನ್ನೊಬ್ಬರು ಉಸಿರಾಟದ ತೊಂದರೆಗೆ ಬಂದಿದ್ದವರು. ಇಬ್ಬರೂ ಚೇತರಿಸಿಕೊಂಡು ಮನೆಗೆ ಹೋದರು. ಕೆಲವೇ ದಿನಗಳಲ್ಲಿ ಇಬ್ಬರೂ ಸೋಂಕಿನೊಂದಿಗೆ ಮರಳಿ ಬಂದರು.

ಮೊದಲ ರೋಗಿಯನ್ನು ಮಾರ್ಚ್ 8ರಂದು ತೀವ್ರ ನಿಗಾ ಘಟಕಕ್ಕೆ ಒಯ್ದ ಮೇಲೆ ವೈದ್ಯರಿಗೆ ಕ್ಷಯದ ಶಂಕೆ ಬಂತು. ಅವರನ್ನು ಪ್ರತ್ಯೇಕಿಸಿ, ಮನೆಯವರು ಹೊರಗೆ ಓಡಾಡಬಾರದೆಂದು ಸೂಚಿಸಿದರು. ಶಂಕಿಸಿದ ರೋಗ ಬೇರೆಯಾದರೂ ಕೈಗೊಂಡ ಕ್ರಮ ಸರಿಯಾಗಿತ್ತು, ಅದರಿಂದ ಇನ್ನಷ್ಟು ಹರಡುವಿಕೆ ತಪ್ಪಿರಲೂಬಹುದು. ಆದರೆ ಹಿಂದಿನ ರಾತ್ರಿಯನ್ನು ತಿದ್ದಲು ಸಾಧ್ಯವಿರಲಿಲ್ಲ. ಮಾರ್ಚ್ 12ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆ ಎಚ್ಚರಿಕೆ ನೀಡಿತು. ಮರುದಿನ ಆ ರೋಗಿ ತೀರಿಕೊಂಡರು.

ಮಾರ್ಚ್ 16ರಂದು ನೆರೆಹಾಸಿಗೆಯ ರೋಗಿಗಳಲ್ಲಿ ಒಬ್ಬರು ತೀವ್ರ ಜ್ವರದೊಂದಿಗೆ ಮರಳಿ ಬಂದಾಗ ಅವರಿಗೆ ಎಚ್ಚರಿಕೆಯಿಂದಲೇ ಚಿಕಿತ್ಸೆ ನೀಡಲಾಯಿತು. ಜೊತೆಗೆ ಬಂದಿದ್ದ ಹೆಂಡತಿಗೂ ಆಗಲೇ ಸೋಂಕು ತಗಲಿತ್ತು ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಆಕೆ ಕಾಯುವ ಸ್ಥಳದಲ್ಲಿ ಕುಳಿತಿದ್ದರು. ಆಕೆಯಿಂದ ಇತರ ರೋಗಿಗಳು, ಭೇಟಿಗೆ ಬಂದವರು, ಸಿಬ್ಬಂದಿ, ಆಂಬುಲೆನ್ಸ್ ಕಾರ್ಯಕರ್ತರು ಸೋಂಕಿತರಾದರು. ರೋಗಿಯ ಮೇಲೆ ಎಲ್ಲ ಗಮನವನ್ನಿಟ್ಟು ಜೊತೆಯಲ್ಲಿ ಬಂದವರನ್ನು ಮರೆಯುವುದು ಆಸ್ಪತ್ರೆಗಳ ಹಳೆಯ ರೂಢಿ. ಒಬ್ಬ ರೋಗಿಯೊಂದಿಗೆ ಮೂರು ನಾಲ್ಕು ಮಂದಿ ಬರುವ ನಮ್ಮ ಕಡೆಯ ಆಸ್ಪತ್ರೆಗಳ ಯೋಜಕರು ಈ ಭಾಗವನ್ನು ಎರಡು ಸಲ ಓದಬೇಕು. ಮಾರ್ಚ್ 16ರಂದು ಮರಳಿ ಬಂದ ಆ ರೋಗಿಗೆ ಗಂಟಲಿನೊಳಗೆ ಉಸಿರಾಟದ ನಳಿಕೆ ಇಳಿಸುವಾಗ ಶಸ್ತ್ರಚಿಕಿತ್ಸೆಯ ಮಾಸ್ಕ್, ಕನ್ನಡಕ, ಗೌನು, ಕೈಗವಸು ಧರಿಸಿದ್ದ ವೈದ್ಯರಿಗೂ ಸೋಂಕು ತಗಲಿತು.

ಇನ್ನೊಬ್ಬ ನೆರೆರೋಗಿಯನ್ನು ಡಯಾಲಿಸಿಸ್‌ಗಾಗಿ ನಗರದ ಉತ್ತರಕ್ಕಿರುವ ಯಾರ್ಕ್ ಸೆಂಟ್ರಲ್ ಆಸ್ಪತ್ರೆಗೆ ಕಳುಹಿಸಲಾಗಿತ್ತು. ಸೋಂಕು ಅವರೊಂದಿಗೆ ಅಲ್ಲಿಗೂ ಹೋಯಿತು. ಮಾರ್ಚ್ 23ರಂದು ಗ್ರೇಸ್‌ನ ತುರ್ತು ವಿಭಾಗವನ್ನೂ ತೀವ್ರ ನಿಗಾ ಘಟಕವನ್ನೂ ಮುಚ್ಚಲಾಯಿತು. ಮಾರ್ಚ್ 16ರ ನಂತರ ಆ ಆಸ್ಪತ್ರೆಗೆ ಕಾಲಿಟ್ಟ ಎಲ್ಲರೂ ಹತ್ತು ದಿನ ಮನೆಯಲ್ಲೇ ಇರಬೇಕೆಂದು ಸೂಚನೆ ಹೊರಟಿತು. ಆ ವೇಳೆಗೆ ಟೊರಾಂಟೊದಲ್ಲಿ ಗಾಳಿ ಹೊರಗೆ ಹರಿಯದಂತೆ ಒತ್ತಡ ಕಡಿಮೆ ಮಾಡಿದ ಪ್ರತ್ಯೇಕ ಕೊಠಡಿಗಳು ಮುಗಿಯುತ್ತ ಬಂದಿದ್ದವು. ಕಾಯಿಲೆ ಬಿದ್ದ ಗ್ರೇಸ್ ಸಿಬ್ಬಂದಿಗೆಂದು ವೆಸ್ಟ್ ಪಾರ್ಕ್ ಕೇಂದ್ರದಲ್ಲಿ ಬಳಕೆಯಲ್ಲಿಲ್ಲದ ಹಳೆಯ ಕ್ಷಯರೋಗ ವಾರ್ಡನ್ನು ಮತ್ತೆ ತೆರೆಯಬೇಕಾಯಿತು. ಮಾರ್ಚ್ 26ರಂದು ಪ್ರಾಂತ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು.

ಅದೇ ದಿನ, ವ್ಯಾಂಕೂವರ್

ಮಾರ್ಚ್ 7ರಂದೇ ಪಶ್ಚಿಮ ಕರಾವಳಿಯ ವ್ಯಾಂಕೂವರ್‌ನಲ್ಲಿ, ಅದೇ ಮೆಟ್ರೊಪೋಲ್ ಹೋಟೆಲಿನಲ್ಲಿ ತಂಗಿ ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ ಐವತ್ತರ ಹರೆಯದ ವ್ಯಕ್ತಿಯೊಬ್ಬರು ತಮ್ಮ ವೈದ್ಯರ ಬಳಿ ಹೋಗಿ, ಅವರ ಸಲಹೆಯಂತೆ ವ್ಯಾಂಕೂವರ್ ಜನರಲ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಬಂದ ಕಾಲು ಗಂಟೆಯೊಳಗೆ ಅವರನ್ನು ಇತರರಿಂದ ಬೇರ್ಪಡಿಸಿ, ಉಸಿರಾಟದ ಸೋಂಕಿಗೆ ಸಂಬಂಧಿಸಿದ ಎಲ್ಲ ರಕ್ಷಣಾ ಕ್ರಮಗಳನ್ನೂ ಜಾರಿಗೆ ತರಲಾಗಿತ್ತು. ಸಾರ್ಸ್ ಎಂಬ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು ಮಾರ್ಚ್ 15ರಂದು. ರೋಗ ಯಾವುದೆಂದು ತಿಳಿಯದೆಯೇ ಅಲ್ಲಿನ ನರ್ಸ್‌ಗಳು ಸರಿಯಾದುದನ್ನು ಮಾಡಿದರು.

ಇದಕ್ಕೆ ಕಾರಣ ಅದೃಷ್ಟವಷ್ಟೇ ಅಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೋಗ ನಿಯಂತ್ರಣ ಕೇಂದ್ರವು ಆ ಫೆಬ್ರುವರಿಯಲ್ಲಿ, ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ ಕಾಣಿಸಿಕೊಂಡ ಹಿನ್ನೆಲೆಯಲ್ಲಿ, ಚೀನಾ ಮತ್ತು ಹಾಂಗ್‌ಕಾಂಗ್‌ಗಳಿಂದ ಮರಳಿದವರಲ್ಲಿ ತೀವ್ರ ಫ್ಲೂ ಲಕ್ಷಣಗಳಿದ್ದರೆ ಎಚ್ಚರವಹಿಸಬೇಕೆಂದು ಆಸ್ಪತ್ರೆಗಳಿಗೆ ತಿಳಿಸಿತ್ತು. ಕೆಮ್ಮು–ಜ್ವರದ ಯಾವ ರೋಗಿ ಬಂದರೂ ಮೊದಲು ರಕ್ಷಣಾ ಕ್ರಮ, ಆಮೇಲೆ ರೋಗನಿರ್ಣಯ ಎಂಬ ಪದ್ಧತಿ ಆ ಆಸ್ಪತ್ರೆಯಲ್ಲಿ ಮೊದಲೇ ಇತ್ತು. ಫ್ಲೂಗಾಗಿ ಮಾಡಿದ ಸಿದ್ಧತೆ ಫ್ಲೂ ಅಲ್ಲದ ರೋಗವನ್ನು ತಡೆಯಿತು. ಸಿದ್ಧತೆ ಎಂದರೆ ಇಂಥದೇ ವೈರಸ್ ಬರುತ್ತದೆ ಎಂಬ ಊಹೆಯಲ್ಲ, ಕೆಮ್ಮುತ್ತ ಬಂದ ವ್ಯಕ್ತಿಯನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಎಲ್ಲಿ ಕೂರಿಸುತ್ತೇವೆ ಎಂಬ ನಿತ್ಯದ ಅಭ್ಯಾಸ ಎಂದು ನಾನು ಹೇಳುವುದು ಈ ಆಧಾರದ ಮೇಲೆ.

ಹಾಗೆಂದು ಗ್ರೇಸ್ ಆಸ್ಪತ್ರೆಯ ಸಿಬ್ಬಂದಿಯನ್ನು ದೂರುವುದು ಅನ್ಯಾಯ. ಆಯೋಗವೂ ಅವರನ್ನು ದೂರಲಿಲ್ಲ. ಹಾಂಗ್‌ಕಾಂಗ್‌ನಿಂದ ತಾನೇ ಬಂದವನೆಂದು ಹೇಳಬಲ್ಲ ರೋಗಿ ವ್ಯಾಂಕೂವರ್‌ಗೆ ಸಿಕ್ಕಿದ್ದರು, ಗ್ರೇಸ್‌ಗೆ ಸಿಕ್ಕಿರಲಿಲ್ಲ. ಚೀನಾದ ಕಡೆಯಿಂದ ಬರಬಹುದಾದ ಸೋಂಕಿನ ಎಚ್ಚರಿಕೆ ಒಂಟಾರಿಯೊದಲ್ಲಿ ತುರ್ತು ವಿಭಾಗದ ನರ್ಸ್‌ಗಳವರೆಗೆ ಇಳಿದು ಬಂದಿರಲಿಲ್ಲ. ಆರೋಗ್ಯ ಇಲಾಖೆಯ ಕಡತದಲ್ಲೋ ತಜ್ಞರ ಇಮೇಲಿನಲ್ಲೋ ಇರುವ ಎಚ್ಚರಿಕೆ ರಾತ್ರಿ ಪಾಳಿಯ ನರ್ಸ್‌ಗೆ ಗೊತ್ತಿಲ್ಲವೆಂದರೆ ಅದು ಇಲ್ಲದ್ದಕ್ಕೆ ಸಮ. ಹಾಗಾಗಿ ಸಮುದಾಯ ಆಸ್ಪತ್ರೆಯೊಂದು ತನ್ನ ಯೋಜನೆಯನ್ನು ಪರೀಕ್ಷಿಸಿಕೊಳ್ಳಬೇಕಾದರೆ, ಮೇಲಿನಿಂದ ಬಂದ ಒಂದು ಸುತ್ತೋಲೆ ಆ ದಿನ ಸಂಜೆಯೊಳಗೆ ನೋಂದಣಿ ಮೇಜಿನಲ್ಲಿ ಕುಳಿತವರಿಗೆ ತಲುಪಿತೇ ಎಂದು ನೋಡಬೇಕು. ಬೇರೆ ಯಾವ ಅಣಕು ಕಾರ್ಯಾಚರಣೆಗಿಂತಲೂ ಮೊದಲು ಮಾಡಬೇಕಾದ ಪರೀಕ್ಷೆ ಅದೇ.

ಮಾಸ್ಕ್, ಸಿಬ್ಬಂದಿ, ಮತ್ತು ನಂಬಿಕೆ

ಒಂಟಾರಿಯೊದ ಸುಮಾರು 375 ಸಾರ್ಸ್ ಪ್ರಕರಣಗಳಲ್ಲಿ ಶೇ. 72ರಷ್ಟು ಮಂದಿಗೆ ಸೋಂಕು ತಗಲಿದ್ದು ಆರೋಗ್ಯ ಕೇಂದ್ರಗಳಲ್ಲಿ, ಶೇ. 45ರಷ್ಟು ಮಂದಿ ಆರೋಗ್ಯ ಸಿಬ್ಬಂದಿಯೇ ಆಗಿದ್ದರು. ಮೃತಪಟ್ಟ 44 ಜನರಲ್ಲಿ ಇಬ್ಬರು ನರ್ಸ್‌ಗಳು, ಒಬ್ಬರು ವೈದ್ಯರು. ಕಾಯಿಲೆ ಗುಣಪಡಿಸಬೇಕಾದ ಕಟ್ಟಡವೇ ಕಾಯಿಲೆ ಹರಡುವ ಸ್ಥಳವಾದದ್ದನ್ನು ಈ ಅಂಕಿಗಳು ಹೇಳುತ್ತವೆ.

ಎನ್-95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಅಂಚುಗಳಿಂದ ಗಾಳಿ ಒಳನುಗ್ಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ಮುಖಕ್ಕೂ ಯಾವ ಅಳತೆ, ಯಾವ ಮಾದರಿ ಹೊಂದುತ್ತದೆಂದು ಮೊದಲೇ ಪರೀಕ್ಷಿಸಿರಬೇಕು. ಈ ಬಗೆಯ ರಕ್ಷಣಾ ಸಾಧನಗಳ ಹೊಂದಿಕೆ ಮತ್ತು ತರಬೇತಿಯ ನಿಯಮ ಒಂಟಾರಿಯೊದಲ್ಲಿ 1993ರಿಂದಲೇ ಇತ್ತು, ಆದರೆ ಬಹಳಷ್ಟು ಆಸ್ಪತ್ರೆಗಳು ಅದನ್ನು ಪಾಲಿಸಿರಲಿಲ್ಲ. ಸೋಂಕು ಹನಿಗಳಿಂದ ಹರಡುತ್ತದೆಯೇ, ಗಾಳಿಯಲ್ಲಿ ತೇಲುತ್ತದೆಯೇ ಎಂದು ತಜ್ಞರು ವಾದಿಸುತ್ತಿರುವಾಗ ಹಾಸಿಗೆಯ ಪಕ್ಕ ನಿಂತವರು ನಿತ್ಯ ಅಪಾಯ ಎದುರಿಸುತ್ತಿದ್ದರು. ಅಪಾಯ ತಗ್ಗಿಸುವ ಯುಕ್ತ ಕ್ರಮಗಳು ವೈಜ್ಞಾನಿಕ ಖಚಿತತೆ ಬರುವವರೆಗೆ ಕಾಯಬಾರದು ಎಂಬುದೇ ಆಯೋಗದ ವರದಿಯ ತಿರುಳು. ಇದಕ್ಕೆ ಇನ್ನೊಂದು ಮುಖವೂ ಇದೆ: 2008–09ರ ಚಳಿಗಾಲದಲ್ಲಿ ಒಂಟಾರಿಯೊದ ಎಂಟು ಆಸ್ಪತ್ರೆಗಳ 446 ನರ್ಸ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ, ಸಾಮಾನ್ಯ ಫ್ಲೂ ತಡೆಯುವುದರಲ್ಲಿ ಶಸ್ತ್ರಚಿಕಿತ್ಸೆಯ ಮಾಸ್ಕ್ ಎನ್-95ಗಿಂತ ಹಿಂದೆ ಬೀಳಲಿಲ್ಲ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಪರಿಚಿತ ಸೋಂಕಿನ ಆರಂಭದ ವಾರಗಳಲ್ಲಿ, ಮುಖ್ಯವಾಗಿ ನಳಿಕೆ ಇಳಿಸುವಂಥ ಕೆಲಸಗಳಲ್ಲಿ, ಹೆಚ್ಚಿನ ರಕ್ಷಣೆಯಿಂದ ಶುರುಮಾಡಿ, ರೋಗದ ಸ್ವಭಾವ ತಿಳಿದಂತೆ ಅದನ್ನು ಇಳಿಸುತ್ತ ಬರುವುದು ನನಗೆ ಸರಿಯೆನಿಸುತ್ತದೆ.

ರಕ್ಷಣೆಯನ್ನು ಇಳಿಸುವ ಹೊತ್ತನ್ನು ತಪ್ಪಾಗಿ ಅಂದಾಜಿಸಿದರೆ ಏನಾಗುತ್ತದೆಂಬುದನ್ನೂ ಟೊರಾಂಟೊ ಕಂಡಿತು. ಮೇ 17ರಂದು ತುರ್ತು ಪರಿಸ್ಥಿತಿ ತೆರವಾಯಿತು; ಆ ಹೊತ್ತಿಗಾಗಲೇ ರಕ್ಷಣಾ ಕ್ರಮಗಳೂ ಸಡಿಲಗೊಂಡಿದ್ದವು. ನಾರ್ತ್ ಯಾರ್ಕ್ ಜನರಲ್ ಎಂಬ ಮತ್ತೊಂದು ಸಮುದಾಯ ಆಸ್ಪತ್ರೆಯಲ್ಲಿ ಮೂಳೆ ಚಿಕಿತ್ಸೆಯ ವಾರ್ಡಿನ ಮೂಲಕ ಸೋಂಕು ಸದ್ದಿಲ್ಲದೆ ಹರಡುತ್ತಲೇ ಇತ್ತು. ಕಾರಣ ತಿಳಿಯದ ನ್ಯುಮೋನಿಯಾ ಪ್ರಕರಣಗಳ ಬಗ್ಗೆ ಅಲ್ಲಿನ ನರ್ಸ್‌ಗಳು ಆತಂಕ ವ್ಯಕ್ತಪಡಿಸಿದ್ದರೂ ಸಾರ್ಸ್ ಮುಗಿದಿದೆ ಎಂಬ ಭರವಸೆಯೇ ಅವರಿಗೆ ಸಿಕ್ಕಿತು. ಅಲ್ಲಿಂದ ವರ್ಗವಾದ ರೋಗಿಯ ಮೂಲಕ ಸೇಂಟ್ ಜಾನ್ಸ್ ಪುನಶ್ಚೇತನ ಆಸ್ಪತ್ರೆಯಲ್ಲಿ ಜ್ವರದ ಪ್ರಕರಣಗಳು ಕಾಣಿಸಿಕೊಂಡ ಮೇಲಷ್ಟೇ ಎರಡನೆಯ ಅಲೆ ಬೆಳಕಿಗೆ ಬಂದದ್ದು. ಮೇ 23ರಂದು ನಾರ್ತ್ ಯಾರ್ಕ್ ಹೊಸ ರೋಗಿಗಳಿಗೆ ಬಾಗಿಲು ಮುಚ್ಚಿತು. ವಾರ್ಡಿನಲ್ಲಿ ದಿನವಿಡೀ ನಿಲ್ಲುವವರ ಮಾತನ್ನು ಕೇಳುವ ವ್ಯವಸ್ಥೆಯಿಲ್ಲದ ಯೋಜನೆ ಎಷ್ಟೇ ದಪ್ಪವಾಗಿದ್ದರೂ ಯೋಜನೆಯಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಬೇಕು.

ಸಿಬ್ಬಂದಿಯ ವಿಷಯದಲ್ಲಿ ಇನ್ನೊಂದು ಸಂಗತಿ. ಟೊರಾಂಟೊದ ಅನೇಕ ನರ್ಸ್‌ಗಳು ಪೂರ್ಣಾವಧಿ ಕೆಲಸ ಸಿಗದೆ ಎರಡು ಮೂರು ಆಸ್ಪತ್ರೆಗಳಲ್ಲಿ ಅರೆಕಾಲಿಕವಾಗಿ ದುಡಿಯುತ್ತಿದ್ದರು. ಸೋಂಕು ಹರಡಿದಾಗ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿರ್ಬಂಧ ಬಂತು, ಇತರ ಆಸ್ಪತ್ರೆಗಳಲ್ಲಿ ಕೈಗಳು ಕಡಿಮೆಯಾದವು, ನರ್ಸ್‌ಗಳ ಆದಾಯವೂ ತಗ್ಗಿತು. ಗುತ್ತಿಗೆ ಮತ್ತು ಅರೆಕಾಲಿಕ ಸಿಬ್ಬಂದಿಯನ್ನು ನೆಚ್ಚಿಕೊಂಡ ಆಸ್ಪತ್ರೆ ಈ ಲೆಕ್ಕವನ್ನು ಸೋಂಕು ಬರುವ ಮುನ್ನವೇ ಮಾಡಿಟ್ಟುಕೊಂಡಿರಬೇಕು.

ಫ್ಲೂಗೆ ಬಂದಾಗ

ಸಾರ್ಸ್‌ನ ಪಾಠವನ್ನು ಫ್ಲೂಗೆ ಹಾಗೆಯೇ ಅನ್ವಯಿಸಲಾಗದು. ಸಾರ್ಸ್ ರೋಗಿ ಲಕ್ಷಣ ಕಾಣಿಸಿಕೊಂಡ ಮೇಲೆಯೇ, ಅದರಲ್ಲೂ ಎರಡನೆಯ ವಾರದಲ್ಲಿ, ಹೆಚ್ಚು ಸೋಂಕು ಹರಡುತ್ತಿದ್ದ. ಆದ್ದರಿಂದ ರೋಗಿಗಳನ್ನು ಗುರುತಿಸಿ ಪ್ರತ್ಯೇಕಿಸಿ, ಸಂಪರ್ಕಿತರನ್ನು ಮನೆಯಲ್ಲಿ ಕೂರಿಸಿ ಅದನ್ನು ಕೊನೆಗೊಳಿಸಲು ಸಾಧ್ಯವಾಯಿತು. ಫ್ಲೂ ಹಾಗಲ್ಲ. ವೈರಸ್ ದೇಹ ಹೊಕ್ಕು ಒಂದರಿಂದ ನಾಲ್ಕು ದಿನಗಳಲ್ಲಿ ಲಕ್ಷಣ ಕಾಣುತ್ತದೆ, ಲಕ್ಷಣಕ್ಕೆ ಸುಮಾರು ಒಂದು ದಿನ ಮೊದಲೇ ಹರಡಲೂ ಶುರುವಾಗುತ್ತದೆ. ಬಾಗಿಲಲ್ಲಿ ತಡೆದರೂ ಅದು ಒಳಗೆ ಬರುತ್ತದೆ. ಬಾಗಿಲಿನ ಎಚ್ಚರ ಅದರ ವೇಗವನ್ನು ತಗ್ಗಿಸೀತು, ಅಷ್ಟೇ. ಹಾಗಾಗಿ ಫ್ಲೂ ಯೋಜನೆಯಲ್ಲಿ ಅಲೆ ಏರಿದಾಗ ಬೇಕಾಗುವ ಹಾಸಿಗೆ, ಆಮ್ಲಜನಕ, ವೆಂಟಿಲೇಟರ್, ಸಿಬ್ಬಂದಿಯೇ ಕಾಯಿಲೆ ಬಿದ್ದಾಗಿನ ಪಾಳಿ ವ್ಯವಸ್ಥೆ, ಲಸಿಕೆ ಬಂದ ದಿನ ಮೊದಲು ಯಾರಿಗೆ ಎಂಬ ನಿರ್ಧಾರ, ಇವುಗಳಿಗೆ ಪ್ರತ್ಯೇಕ ಕೊಠಡಿಗಿಂತ ಹೆಚ್ಚಿನ ಜಾಗ ಬೇಕು. ಮುಂದೂಡಿದ ಶಸ್ತ್ರಚಿಕಿತ್ಸೆಗಳ ಲೆಕ್ಕವೂ ಬೇಕು. 2003ರಲ್ಲಿ ಟೊರಾಂಟೊ ಪ್ರದೇಶದ ಆಸ್ಪತ್ರೆಗಳು ತುರ್ತಲ್ಲದ ಸೇವೆಗಳನ್ನು ನಿಲ್ಲಿಸಿದಾಗ, ಸಾರ್ಸ್ ಇಲ್ಲದ ರೋಗಿಗಳು ಚಿಕಿತ್ಸೆಗಾಗಿ ಕಾಯಬೇಕಾಯಿತು.

ಒಂಟಾರಿಯೊ ತನ್ನ ಮಹಾಸಾಂಕ್ರಾಮಿಕ ಫ್ಲೂ ಯೋಜನೆಯನ್ನು 2004ರಲ್ಲಿ ಪ್ರಕಟಿಸಿತು. ಅದೇ ವರ್ಷ ದೇಶಮಟ್ಟದಲ್ಲಿ ಕೆನಡಾ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಸ್ಥಾಪನೆಯಾಯಿತು. 2009ರ ಜೂನ್ 11ರಂದು ಎಚ್1ಎನ್1 ಫ್ಲೂವನ್ನು ಮಹಾಸಾಂಕ್ರಾಮಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದಾಗ, ಆರು ವರ್ಷಗಳ ಹಿಂದೆ ಇಲ್ಲದಿದ್ದ ಯೋಜನೆ ಆಸ್ಪತ್ರೆಗಳ ಕೈಯಲ್ಲಿತ್ತು.

ಆದರೆ ಸಿದ್ಧತೆ ಹಳೆಯದಾಗುತ್ತದೆ, ಅದೂ ಬೇಗನೆ. ಸಾರ್ಸ್ ನಂತರ ಒಂಟಾರಿಯೊ ಸುಮಾರು 5.5 ಕೋಟಿ ಎನ್-95 ಮಾಸ್ಕ್‌ಗಳನ್ನು ಕೊಂಡು ಗೋದಾಮಿನಲ್ಲಿಟ್ಟಿತು. 2017ರಲ್ಲಿ ಪ್ರಾಂತ್ಯದ ಲೆಕ್ಕಪರಿಶೋಧಕರು ನೋಡಿದಾಗ ಆ ತುರ್ತು ದಾಸ್ತಾನಿನ ಶೇ. 80ಕ್ಕೂ ಹೆಚ್ಚು ವಸ್ತುಗಳ ಅವಧಿ ಮುಗಿದಿತ್ತು. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿನ ಆಸ್ಪತ್ರೆಗಳು ಮತ್ತೆ ಮಾಸ್ಕ್‌ಗಾಗಿ ಪರದಾಡಿದವು. ಸಣ್ಣ ಆಸ್ಪತ್ರೆಗೆ ಇದನ್ನು ತಪ್ಪಿಸಲು ದೊಡ್ಡ ಹಣವೇನೂ ಬೇಕಿಲ್ಲ: ದಾಸ್ತಾನನ್ನು ಬೀಗ ಹಾಕಿ ಬೇರೆ ಇಡದೆ, ದಿನಬಳಕೆಯ ಉಗ್ರಾಣದೊಂದಿಗೇ ಸೇರಿಸಿ, ಮೊದಲು ಬಂದದ್ದನ್ನು ಮೊದಲು ಬಳಸಿ, ಬಳಸಿದಷ್ಟನ್ನು ಹೊಸದಾಗಿ ತುಂಬಿಸುತ್ತ ಹೋದರೆ ಯಾವ ದಿನ ನೋಡಿದರೂ ಕೆಲವು ವಾರಗಳಿಗೆ ಸಾಲುವಷ್ಟು ಉಪಯುಕ್ತ ಮಾಸ್ಕ್ ಇರುತ್ತದೆ. ಅದಕ್ಕೊಬ್ಬ ಹೊಣೆಗಾರರನ್ನು ಹೆಸರಿಸಿ, ತಿಂಗಳಿಗೊಮ್ಮೆ ಅವಧಿ ಪರಿಶೀಲಿಸುವ ಪುಸ್ತಕವೊಂದನ್ನು ಇಡಬೇಕು. ಹೊಸದಾಗಿ ಸೇರಿದ ನರ್ಸ್‌ನಿಂದ ಹಿಡಿದು ಸ್ವಚ್ಛತಾ ಸಿಬ್ಬಂದಿಯವರೆಗೆ ಎಲ್ಲರ ಮಾಸ್ಕ್ ಅಳತೆಯೂ ಅದೇ ಪುಸ್ತಕದಲ್ಲಿರಬೇಕು.